‘ಹೋಗುತ್ತೇನೆ’ ಎನ್ನದ ತಾಯಿಗೆ ವೀಸಾ ಇಲ್ಲ

ಮಾನ್ಯ ವೀಸಾ ಅಧಿಕಾರಿಗಳೇ,

ನನ್ನ ತಾಯಿ ರಹಮತ್ ಬೀ ನಿಮ್ಮ ದೇಶಕ್ಕೆ ಬಂದರೆ ಅಮೆರಿಕಕ್ಕೆ ವಾಪಸು ಹೋಗುವುದಿಲ್ಲ ಎಂದು ತೀರ್ಮಾನಿಸಿ ನೀವು ಅವರ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ‘ಅವಧಿ ಮುಗಿಯುವ ಮುನ್ನ ದೇಶ ಬಿಡುವ ಉದ್ದೇಶದ ಬಗ್ಗೆ ಸಂಶಯವಿದೆ’ ಎಂಬ ನಿಮ್ಮ ವಾಕ್ಯವನ್ನು ಅವರಿಗೆ ಕನ್ನಡದಲ್ಲಿ ತಿಳಿಸುವಾಗ ನನಗೇ ನಾಚಿಕೆಯಾಯಿತು. ನಿಮ್ಮ ದೇಶದಲ್ಲಿರುವ ನನ್ನ ತಂಗಿ ಯುಸ್ರಾಗೆ ಬರುವ ತಿಂಗಳು ಚೊಚ್ಚಲ ಹೆರಿಗೆ. ಗಂಡನನ್ನು ಬಿಟ್ಟರೆ ಅವಳಿಗೆ ಆ ಊರಿನಲ್ಲಿ ತನ್ನವರು ಅಂತ ಯಾರೂ ಇಲ್ಲ.

ನಿಮ್ಮ ಸಂಶಯ ಹುಟ್ಟಿದ್ದು ಎಲ್ಲಿ ಎಂದು ನನಗೆ ಗೊತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ನಿಮ್ಮ ದೇಶದ ವೀಸಾ ಕಚೇರಿಯಲ್ಲಿ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. “ಆಫ್ಟರ್ ದಿ ಬೇಬಿ, ಯು ವಿಲ್ ಗೋ?” ಎಂದು ಕೇಳಿದಿರಿ. ಗದಗಿನಲ್ಲಿ ಹುಟ್ಟಿ ಬೆಳೆದ ನನ್ನ ತಾಯಿ ಗಾಬರಿಯಾಗಿ, “ನೋ ಗೋ ಸರ್, ಐ ಕಮ್” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಬಾಣಂತಿ ಮನಿಂದ ಹೊಂಟಾಗ ಹೋಗ್ತೀನಿ ಅಂತಾರೇನೋ? ಬರ್ತೀನಿ ಅನಬೇಕು. ಸಾಹೇಬ್ರಿಗೆ ತಿಳಿಸಿ ಹೇಳಪಾ” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಅರ್ಜಿದಾರರಷ್ಟೇ ಮಾತಾಡಲಿ ಎಂದು ನನ್ನನ್ನು ಸುಮ್ಮನಾಗಿಸಿದಿರಿ.

ಸ್ವಾಮಿ, ನಮ್ಮಲ್ಲಿ ‘ಹೋದರು’ ಎನ್ನುವುದು ಸತ್ತವರ ವಿಷಯದಲ್ಲಿ. ಚಪ್ಪಲಿ ಮೆಟ್ಟಿಕೊಂಡು ‘ಬರ್ತೀನಿ’ ಎಂದವರು ಹೊರಟರೆಂದೇ ಅರ್ಥ. ಹೊರಡುತ್ತೇನೆ ಎಂದು ಇಷ್ಟು ಮರ್ಯಾದೆಯಿಂದ ಹೇಳಿದ ಮುದುಕಿಯಲ್ಲಿ ನಿಮಗೆ ಅಕ್ರಮ ವಲಸಿಗರು ಕಂಡರೇ? ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನೆವಾರ್ಕಿನಲ್ಲಿ ಅವರಿಗೆ ಮನೆಯಿದೆ, ಗ್ರೀನ್ ಕಾರ್ಡಿದೆ, ಜಗಳವಾಡಲು ಸೊಸೆ ತಹ್ರೀಮ್ ಇದ್ದಾಳೆ. ಇಷ್ಟೆಲ್ಲ ಬಿಟ್ಟು ನಿಮ್ಮ ಚಳಿಯಲ್ಲಿ ತಲೆಮರೆಸಿಕೊಂಡು ಅವರು ಸಾಧಿಸುವುದೇನು?

ಇನ್ನು ನಿಮ್ಮ ನಿಯಮದ ಜಾಣತನ ನೋಡಿ. ನನ್ನದು ಅಮೆರಿಕದ ಪಾಸ್‌ಪೋರ್ಟು, ತಾಯಿಯದು ಇನ್ನೂ ಹುಟ್ಟಿದ ದೇಶದ್ದೇ. ನಾನು ನಾಳೆಯೇ ವಿಮಾನ ಹತ್ತಿದರೂ ವೀಸಾ ಕೇಳುವವರಿಲ್ಲ. ಹಸುಗೂಸನ್ನು ಎತ್ತಿಕೊಳ್ಳಲು ಹೆದರುವ ನಾನು ಬರಬಹುದು. ಕೇರಿಯ ಎಷ್ಟೋ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆದ ನನ್ನ ತಾಯಿ ಬರಬಾರದು. ಇದರಿಂದ ನಿಮ್ಮ ದೇಶಕ್ಕೆ ಯಾವ ರಕ್ಷಣೆ ಸಿಕ್ಕಿತು?

ನಿನ್ನೆ ಯುಸ್ರಾ ಫೋನಿನಲ್ಲಿ, “ಭಾಯ್, ಅಮ್ಮಿಗೆ ಹೇಳಬ್ಯಾಡ, ನನಗ ಭಾಳ ಅಂಜಿಕಿ ಆಗೇತಿ” ಎಂದು ಅತ್ತಳು. ಅಮ್ಮಿ ನನ್ನ ಪಕ್ಕದಲ್ಲೇ ಕೂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡರು. ನನಗೆ ಸಿಟ್ಟು ಬಂದಿದ್ದು ಆಗ.

ಅರ್ಜಿಯನ್ನು ಈ ವಾರವೇ ಮತ್ತೆ ತೆರೆಯಿರಿ. ಕನ್ನಡ ಬಲ್ಲ ದುಭಾಷಿಯನ್ನು ಕೂರಿಸಿಕೊಂಡು ಅವರ ಉತ್ತರ ಕೇಳಿ. ಮೇಲ್ಮನವಿ ಸಲ್ಲಿಸಿ, ತಿಂಗಳುಗಟ್ಟಲೆ ಕಾಯಿರಿ ಎಂದು ನನಗೆ ಹೇಳಬಹುದು. ಹುಟ್ಟಲಿರುವ ಮಗುವಿಗೆ ಕಾಯಲು ಹೇಳುವವರು ಯಾರು, ನೀವೇ?

ಇಂತಿ,
ವೀಸಾ ಬೇಡದ, ಬಾಣಂತನಕ್ಕೆ ಬಾರದ ಮಗ
ಸೊಹೈಲ್, ನೆವಾರ್ಕ್