ಎಂಟನೆಯ ಪುಟದಲ್ಲಿ ನಿನ್ನ ಹೆಸರು

ಹೊನ್ನಕ್ಕಾ,

ಬದುಕಿದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆಂದು ನಂಬಿ ಬರೆಯುತ್ತಿದ್ದೇನೆ. ಬಾರದಿದ್ದರೆ ನಿನ್ನ ಮಗಳು ಶಾಂತಾ ಗಟ್ಟಿಯಾಗಿ ಓದಲಿ, ಅವಳಿಗೂ ಒಂದು ಪ್ರತಿ ಕೊಡುತ್ತೇನೆ. ಕೇಳಿಸಿಕೊಂಡ ಮೇಲೆ ಬಯ್ಯುವುದಿದ್ದರೆ ಬಯ್ಯಿ. ಅದಕ್ಕೆ ನಾನು ಯೋಗ್ಯನೇ.

ಮೊದಲ ದಿನ ನೆನಪಿದೆಯಾ? ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಬಂದ ನಮಗೆಲ್ಲ ತಲಾ ಒಂದು ಗುಂಟೆ ಗದ್ದೆ ಕೊಟ್ಟು, ಭತ್ತ ಬೆಳೆದು ವರದಿ ಬರೆಯಿರಿ ಅಂದಿದ್ದರು. ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಗುದ್ದಲಿಯನ್ನು ಪುಸ್ತಕದ ಚಿತ್ರದಲ್ಲಷ್ಟೇ ಕಂಡವನು. ಕಾಲೇಜಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ನಿನ್ನ ಹತ್ತಿರ ಬಂದು, "ನೀವು ಸ್ವಲ್ಪ ಹೇಳ್ಕೊಡ್ತೀರಾ?" ಅಂದೆ. ನೀನು ಹಿಂದಕ್ಕೆ ತಿರುಗಿ ನೋಡಿದೆ, ಯಾರೋ ಸಾಹೇಬರು ಬಂದಿದ್ದಾರೆಂದು. ಅಲ್ಲಿ ಯಾರೂ ಇರಲಿಲ್ಲ. "ಥೂ ಮಾರಾಯ, ನಂಗೆ ನೀವು ಗೀವು ಅನ್ಬೇಡ. ನನ್ನ ಹಿಂದೆ ಇನ್ಯಾರೋ ನಿಂತಂಗಾಗುತ್ತೆ" ಅಂದೆ. ಅಂದಿನಿಂದ ನಾನೂ ನೀನು ಅನ್ನತೊಡಗಿದೆ. ನನ್ನ ಗೈಡ್ ಮೇಷ್ಟ್ರು ನಿನ್ನನ್ನು ಕರೆಯುವ ನೀನು ಬೇರೆ, ನನ್ನ ನೀನು ಬೇರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿಜಕ್ಕೂ ಬೇರೆಯಾಗಿತ್ತಾ?

ಕಳೆ ಕೀಳುತ್ತಿದ್ದ ಒಂದು ಮಧ್ಯಾಹ್ನ ನೀನು ಕೇಳಿದೆ: "ಅಲ್ಲಪ್ಪ, ಇದಕ್ಕೆ ವಸತಿ ಕಾಲೇಜು ಅಂತ ಯಾಕಂತಾರೆ?"

"ಇಲ್ಲೇ ಉಳ್ಕೊಂಡು ಓದ್ತೀವಲ್ಲ ಅಕ್ಕ, ಅದಕ್ಕೆ. ಮೂರು ವರ್ಷ ಉಳ್ಕೊಂಡ್ರೆ ಡಿಗ್ರಿ."

"ನಾನು ಹದಿನೆಂಟು ವರ್ಷದಿಂದ ಇಲ್ಲೇ ಬಿದ್ದಿದೀನಿ. ನಂಗೆಷ್ಟು ಡಿಗ್ರಿ ಬರ್ಬೇಕು, ಹೇಳು."

ಪಕ್ಕದ ಸಾಲಿನಿಂದ ಯಾರೋ ಕೂಗಿದರು: "ಡಿಗ್ರಿ ಜಾಸ್ತಿ ಆದ್ರೆ ಜ್ವರ ಕಣೇ ಹೊನ್ನಿ!" ಗದ್ದೆಗೆ ಗದ್ದೆಯೇ ನಕ್ಕಿತು. ನಾನು ನಗಲಿಲ್ಲ. ಕಾರ್ಖಾನೆ ಗೇಟಿನಲ್ಲಿ ಹಂಚುತ್ತಿದ್ದ ಕರಪತ್ರಗಳನ್ನು ಓದಿ ಓದಿ ಬೆಳೆದವನಲ್ಲವಾ ನಾನು! ಅಂಗಿ ಜೇಬಿನಿಂದ ಒಂದನ್ನು ತೆಗೆದು ಶ್ರಮಿಕ ವರ್ಗದ ಶೋಷಣೆ ಎಂದು ಶುರು ಮಾಡಿದೆ. ನೀನು ಪೂರ್ತಿ ಕೇಳಿ, "ಶ್ರಮಿಕ ಅಂದ್ರೆ ಯಾರಪ್ಪ?" ಅಂದೆ. "ನೀನೇ ಅಕ್ಕ." "ನಂಗೆ ಆ ಹೆಸ್ರು ಇಟ್ಟೋರ್ಯಾರು? ನನ್ನ ಹೆಸ್ರು ಹೊನ್ನಮ್ಮ." ಆ ಮಾತು ಆಗಲೇ ಅರ್ಥವಾಗಿದ್ದರೆ...

ಆ ದೊಡ್ಡ ವಿಶ್ವವಿದ್ಯಾಲಯ, ದೂರದ ನಗರದಿಂದ ಆದೇಶ ಕಳಿಸುವ ವಿಶ್ವವಿದ್ಯಾಲಯ, ಈ ಕಾಲೇಜನ್ನು ಶಿವಮೊಗ್ಗ ಭದ್ರಾವತಿಯ ನಡುವೆ ಕಟ್ಟಿದ್ದು ವಿದ್ಯಾರ್ಥಿ ಮಣ್ಣಿನ ಜೊತೆ ಬದುಕಿ ಕಲಿಯಲಿ ಎಂದಂತೆ. ಮಣ್ಣಿನ ಜೊತೆ ಬದುಕುತ್ತಿದ್ದವಳಿಗೆ ಮಾತ್ರ ಹಿಂದಿನ ಗೇಟು. ಬಾಟಲಿ ಹಿಡಿದು ಮೆಸ್ಸಿನ ಫಿಲ್ಟರ್ ನಲ್ಲಿಗೆ ಬಂದ ದಿನ ವಾರ್ಡನ್ ನಿನ್ನನ್ನು ತಡೆದು, "ಇದು ಸ್ಟೂಡೆಂಟ್ಸ್‌ಗೆ" ಅಂದರು. ನೀನು ತಿರುಗಿ ಕಾಲುವೆಗೆ ಹೋದೆ. ನಾನು ಅಲ್ಲೇ ಇದ್ದೆ, ಕೈಯಲ್ಲಿ ತುಂಬಿದ ಲೋಟ ಹಿಡಿದುಕೊಂಡು.

ನನ್ನ ಸಸಿಗಳ ಎಲೆಯ ಮೇಲೆ ಕಂದು ಚುಕ್ಕೆ ಬಿದ್ದಾಗ ಗೈಡ್ ಬದುವಿನ ಮೇಲಿಂದಲೇ ನೋಡಿ, "ಸಾರಜನಕ ಸಾಲದು, ಯೂರಿಯಾ ಹಾಕು" ಅಂದಿದ್ದರು. ಹಾಕಿದೆ. ಚುಕ್ಕೆ ಹೆಚ್ಚಾಯಿತು. ನೀನು ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದೆ. ನೀರಿನ ಮೇಲೆ ತೇಲುತ್ತಿದ್ದ ಕೆಂಪು ಕೆನೆಯನ್ನು ಬೆರಳಲ್ಲಿ ಬಳಿದು ನನ್ನ ಮೂಗಿನ ಮುಂದೆ ಹಿಡಿದೆ. "ಕಬ್ಬಿಣದೂರಿನ ಹುಡುಗ, ತುಕ್ಕು ಗೊತ್ತಾಗ್ಲಿಲ್ವಾ ನಿಂಗೆ? ನೀರು ನಿಂತು ನಿಂತು ಮಣ್ಣಿನ ತುಕ್ಕೆಲ್ಲ ಮೇಲೆ ಬಂದೈತೆ. ಬೇರಿಗೆ ಉಸಿರಿಲ್ಲ." ನೀನೇ ಬದು ಕಡಿದು ನೀರೆಲ್ಲ ಬಸಿದೆ. ಕಾಗೆ ಕಾಲಿನಷ್ಟು ಸಣ್ಣ ಬಿರುಕು ಬಿಡುವವರೆಗೆ ಕಾಯಿ, ಆಮೇಲೆ ಹೊಸ ನೀರು ಬಿಡು ಅಂದೆ. ಎರಡು ವಾರದಲ್ಲಿ ನನ್ನ ಗದ್ದೆ ಹಸಿರಾಗಿ ಎದ್ದು ನಿಂತಿತು. ಅಕ್ಕಪಕ್ಕದ ಗದ್ದೆಗಳು ಯೂರಿಯಾ ತಿನ್ನುತ್ತಲೇ ಕಂದಿದವು. ಆ ದಿನ ಮಾತು ಕೊಟ್ಟಿದ್ದೆ: ಇದನ್ನು ವರದಿಯಲ್ಲಿ ಬರೆಯುತ್ತೇನೆ, ನಿನ್ನ ಹೆಸರು ಹಾಕಿ.

ಬರೆದೆ ಕೂಡ. ಎಂಟನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, 'ಹೊನ್ನಮ್ಮನವರು ತೋರಿಸಿಕೊಟ್ಟ ವಿಧಾನ' ಎಂದು. ಗೈಡ್ ಓದಿ ನಕ್ಕರು. "ಯಾರಪ್ಪ ಇದು ಹೊನ್ನಮ್ಮ? ಯಾವ ಯೂನಿವರ್ಸಿಟಿ?" ನಮ್ಮದೇ ಅಂದೆ. ನಗು ನಿಂತಿತು. "ಲೇಬರ್ ಹೆಸರೆಲ್ಲ ಹಾಕಂಗಿಲ್ಲ. ಬೇಕಿದ್ರೆ ಗದ್ದೆ ಕೆಲಸದವರಿಗೆಲ್ಲ ಥ್ಯಾಂಕ್ಸ್ ಅಂತ ಒಂದು ಲೈನ್ ಬರಿ." ನಾನು ಒಪ್ಪಿದೆ. ಹೆದರಿ ಒಪ್ಪಿದ್ದರೆ ಇಂದು ಇಷ್ಟು ಸಿಟ್ಟು ಬರುತ್ತಿರಲಿಲ್ಲ ಹೊನ್ನಕ್ಕ. ಹೆಮ್ಮೆಯಿಂದ ಒಪ್ಪಿದೆ! ವ್ಯಕ್ತಿ ಮುಖ್ಯವಲ್ಲ, ವರ್ಗ ಮುಖ್ಯ ಎಂದು ನನ್ನ ಕರಪತ್ರ ಹೇಳಿತ್ತು. ಒಬ್ಬಳ ಹೆಸರಿಗಿಂತ 'ಶ್ರಮಿಕರೆಲ್ಲರಿಗೂ' ಎಂಬುದೇ ಕ್ರಾಂತಿಕಾರಿ ಎಂದುಕೊಂಡೆ. ಅವರು ಲೇಬರ್ ಅಂದರು, ನಾನು ಶ್ರಮಿಕ ಅಂದೆ. ನಿನ್ನ ಹೆಸರನ್ನು ಅಳಿಸಿದ್ದು ನಾವಿಬ್ಬರೂ ಸೇರಿ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಎಂಟನೆಯ ಪುಟಕ್ಕೆ ತಲೆದೂಗಿದರು. ಗೈಡಿನ ಕೈ ಕುಲುಕಿ, "ಒಳ್ಳೆ ಅಬ್ಸರ್ವೇಶನ್ ಸಾರ್ ನಿಮ್ಮದು" ಅಂದರು. ಗೈಡ್ ಅಲ್ಲ ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೊರಗೆ ಬಂದರೆ ನೀನು ಕಣದಲ್ಲಿ ಭತ್ತ ಕೇರುತ್ತಿದ್ದೆ. "ಬಂತಾ ನನ್ನ ಹೆಸ್ರು?" "ಬಂತು ಅಕ್ಕ." "ಎಷ್ಟನೇ ಪುಟ?" "ಎಂಟು." ನೀನು ಮೊರ ಕೆಳಗಿಟ್ಟು, ಎಂಟು ಎಂಟು ಎಂದು ಬಾಯಿಪಾಠ ಮಾಡಿದೆ. ಆ ಮುಖ ನೋಡಿದ ಮೇಲೂ ನಾನು ನಿಜ ಹೇಳಲಿಲ್ಲವಲ್ಲ...

ನೀನು ಹೋದದ್ದು ಭಾನುವಾರ, ನಿನ್ನ ಮನೆಯಲ್ಲಿ, ಎದೆನೋವು ಅಂದ ಗಳಿಗೆಯಲ್ಲೇ. ಸೋಮವಾರ ಬೆಳಿಗ್ಗೆ ಗದ್ದೆಯ ಮೇಲ್ವಿಚಾರಕ ಕೂಲಿಯವರ ಹಾಜರಿ ಕೂಗುವಾಗ ನಿನ್ನ ಹೆಸರು ಬಂತು. "ಇಲ್ಲ ಸಾರ್, ತೀರ್ಕೊಂಡ್ಳು" ಎಂದು ಯಾರೋ ಅಂದರು. ಆತ ತಲೆ ಎತ್ತದೆ ಗೈರುಹಾಜರಿ ಹಾಕಿ ಮುಂದಿನ ಹೆಸರು ಕೂಗಿದ. ಅದೇ ವಾರ, ಈ ಕಡೆ ಒಮ್ಮೆಯೂ ತಲೆ ಹಾಕದ ಯಾರೋ ಹಳೆಯ ಕುಲಪತಿ ಸತ್ತರೆಂದು ನಮಗೆ ರಜೆ, ಸಂತಾಪ ಸಭೆ, ಮೌನ. ಎಲ್ಲರೂ ತಲೆ ತಗ್ಗಿಸಿ ನಿಂತಾಗ ನಾನು ಹೊರಗೆ ನಡೆದೆ. ಅಷ್ಟೇ ನನ್ನ ಕ್ರಾಂತಿ. ಯಾರೂ ಗಮನಿಸಲಿಲ್ಲ.

ನಿನ್ನ ತಿಥಿ ಮುಗಿದ ಮೇಲೆ ಶಾಂತಾ ಬಂದಳು. ಹಾಸ್ಟೆಲಿನ ಮುಂದಿನ ಗೇಟಿಗೇ ಬಂದು ನಿಂತಿದ್ದಳು. "ಅಣ್ಣ, ಅವ್ವ ಎಂಟ್ನೇ ಪುಟ ಅಂತಿದ್ಲು. ಒಂದ್ಸಲ ನೋಡ್ಬೋದಾ?" ನನ್ನ ಹತ್ತಿರವಿದ್ದ ಪ್ರತಿ ಕೊಟ್ಟೆ. ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಅಕ್ಷರ ಗೊತ್ತು. ಎಚ್ ಅಕ್ಷರ ಹುಡುಕುತ್ತ ಬೆರಳು ಇಳಿಸಿದಳು. ಬೆರಳು ಹೆಕ್ಟೇರಿನ ಮೇಲೆ ನಿಂತಿತು. ಹೈಟ್ ಮೇಲೆ ನಿಂತಿತು. ಹಾರ್ವೆಸ್ಟ್ ಮೇಲೆ ನಿಂತಿತು. ಪುಟ ಮುಗಿಯಿತು. ಕೊನೆಗೆ ನಾನೇ 'ಗದ್ದೆಯ ಶ್ರಮಿಕರೆಲ್ಲರಿಗೂ' ಎಂಬ ಸಾಲು ತೋರಿಸಿ ಅರ್ಥ ಹೇಳಿದೆ.

"ಇದ್ರಲ್ಲಿ ನಮ್ಮವ್ವ ಯಾರು?" ಅಂದಳು.

ಯಾವ ಕರಪತ್ರದಲ್ಲಿದೆ ಹೊನ್ನಕ್ಕ ಇದಕ್ಕೆ ಉತ್ತರ?

ಮರುದಿನ ಮೆಸ್ಸಿನಲ್ಲಿ ಮೈದಾ ಬೇಯಿಸಿ ಅಂಟು ಮಾಡಿಕೊಂಡು, 'ಹೊನ್ನಮ್ಮನವರು ತೋರಿಸಿಕೊಟ್ಟ ವಿಧಾನ' ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಲೈಬ್ರರಿಗೆ ಹೋದೆ. ಅಲ್ಲಿಟ್ಟ ನನ್ನ ವರದಿಯ ಎಂಟನೆಯ ಪುಟಕ್ಕೆ ಎದುರಾಗಿ ಅದನ್ನು ಅಂಟಿಸುವಾಗ ಅಟೆಂಡರ್ ರಂಗಪ್ಪನವರ ಕೈಗೆ ಸಿಕ್ಕಿಬಿದ್ದೆ. ಅವರು ಹಾಳೆ ಓದಿದರು. ನೀನು ಬದುವಿನ ಹೊನಗೊನ್ನೆ ಸೊಪ್ಪು ಕಿತ್ತು ಅವರಿಗೆ ಕೊಡುತ್ತಿದ್ದೆಯಂತೆ, ನನಗೆ ಗೊತ್ತೇ ಇರಲಿಲ್ಲ. "ಸೀಲಿಲ್ಲದ ಹಾಳೆ ಲೈಬ್ರರಿ ಪುಸ್ತಕದಲ್ಲಿ ಇರಬಾರ್ದು ಕಣಯ್ಯ" ಎಂದು ಕಾಲೇಜಿನ ಸೀಲು ತೆಗೆದು ದಪ್ಪನೆ ಒತ್ತಿದರು.

ವಿಷಯ ಗೈಡಿಗೆ ತಿಳಿಯಿತು, ಪ್ರಿನ್ಸಿಪಾಲರಿಗೆ ಹೋಯಿತು. ಕರೆಸಿದರು. "ಅಂಟಿಸಿದವನು ನೀನೇ, ನೀನೇ ಕಿತ್ತು ಕ್ಷಮಾಪಣೆ ಬರೆದುಕೊಡು. ಇಲ್ಲಾಂದ್ರೆ ರಿಸಲ್ಟ್ ತಡೀತೀವಿ." ಕೀಳುವುದಿಲ್ಲ ಅಂದೆ. ದೊಡ್ಡ ಭಾಷಣ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಅವರ ಹೆಸರು ಹೊನ್ನಮ್ಮ, ಸಾರ್."

ನೋಟಿಸ್ ಬೋರ್ಡಿಗೆ ಫಲಿತಾಂಶ ಹಚ್ಚಿದರು. ನನ್ನ ನಂಬರಿನ ಮುಂದೆ 'ತಡೆಹಿಡಿಯಲಾಗಿದೆ' ಎಂದಿದೆ. ಭದ್ರಾವತಿಗೆ ಹೋಗಿ ಅಪ್ಪನಿಗೆ ಹೇಳಿದೆ. "ಒಂದು ಹೆಸ್ರಿಗಾಗಿ?" ಎಂದು ರೇಗಿದವರು ಎದ್ದು, ಮೊಳೆಗೆ ನೇತುಹಾಕಿದ್ದ ಕಾರ್ಖಾನೆಯ ಟೋಕನ್ ಬಿಲ್ಲೆಯನ್ನು ನನ್ನ ಕೈಗಿಟ್ಟರು. ಬರೀ ನಂಬರು. "ಒಳಗೆ ಹೋದ್ರೆ ನಾನೂ ಇದೇ" ಅಂದರು. ಆಮೇಲೆ ಬಯ್ಯಲಿಲ್ಲ.

ಹದಿನೆಂಟು ವರ್ಷ ಇದ್ದ ನಿನಗೂ ಡಿಗ್ರಿಯಿಲ್ಲ, ಮೂರು ವರ್ಷ ಇದ್ದ ನನಗೂ ಇಲ್ಲ. ನಗು ಹೊನ್ನಕ್ಕ. ಆದರೆ ಕ್ಷಮಾಪಣೆ ಬರೆಯುವುದಿಲ್ಲ, ಅವರು ಎಷ್ಟು ವರ್ಷ ತಡೆದರೂ.

ನಿನಗೆ ತಿಳಿಯದ ಸುದ್ದಿ ಇನ್ನೊಂದಿದೆ. ನಿನ್ನೆ ಶಾಂತಾಳನ್ನು ಮುಂದಿನ ಗೇಟಿನಿಂದಲೇ ಲೈಬ್ರರಿಗೆ ಕರೆದೊಯ್ದೆ. ರಂಗಪ್ಪ ಕುರ್ಚಿ ಎಳೆದುಕೊಟ್ಟರು. ವರದಿ ತೆರೆದು ಎಂಟನೆಯ ಪುಟಕ್ಕೆ ತಿರುವಿದಳು. ಕಾಲೇಜಿನ ಸೀಲಿದ್ದ ಹಾಳೆಯನ್ನು ಕೀಳಲು ಯಾರೂ ಮುಂದಾಗಿರಲಿಲ್ಲ, ಅದು ಅಲ್ಲೇ ಇತ್ತು. ಈ ಸಲ ಅವಳ ಬೆರಳು ಹುಡುಕಲಿಲ್ಲ. ಆ ಹಾಳೆಯ ಮೊದಲ ಪದದ ಮೇಲೆ ಇಟ್ಟವಳು ಬಹಳ ಹೊತ್ತು ಅಲ್ಲಿಂದ ತೆಗೆಯಲೇ ಇಲ್ಲ.