ಸವಣೂರಿನ ಗೋಲಿಗೆ ಮೂರು ಕಂಬ

೬ ಆಗಸ್ಟ್ ೧೯೩೮
ದವಾಖಾನೆಯ ಕೆಲಸ ಬೇಗ ಮುಗಿಯಿತು. ಕೆಮ್ಮಿನ ಔಷಧಿಯ ಬಾಟಲಿ ತೊಳೆದಿಟ್ಟು ಇಸಾಕನ ಚಹಾದಂಗಡಿಗೆ ಹೋದೆ. ಹುಬ್ಬಳ್ಳಿಯ ವಾರಪತ್ರಿಕೆ ಬಂದಿತ್ತು. ಅದರಲ್ಲಿ ಫುಟ್‌ಬಾಲ್ ವರದಿ ಬರೆಯುವವ ಹಿರೇಕೆರೂರಿನ ಗಿರಿಯಪ್ಪ. ನಾವು ಹಾನಗಲ್ಲಿನವರಿಗೆ ಸೋತ ಮ್ಯಾಚಿನ ಬಗ್ಗೆ ಹೀಗೆ ಬರೆದಿದ್ದ:
‘ಎಲ್ಲ ಕಡೆ ಗೋಲಿಗೆ ಎರಡು ಕಂಬ. ಸವಣೂರಿನವರಿಗೆ ಮೂರು. ಮೂರನೆಯದಕ್ಕೆ ಸಿರಾಜುದ್ದೀನ ಎಂದು ಹೆಸರಿಟ್ಟಿದ್ದಾರೆ.’
ಸಿರಾಜ ನಮ್ಮ ಗೋಲ್‌ಕೀಪರ್. ಅಂಗಡಿ ತುಂಬ ನಗು. ನನಗೂ ಬಂತು. ಇಸಾಕನಿಗೆ ಮಾತ್ರ ಸಿಟ್ಟು.
“ಇಂಥವಗ ಏನ್ ಮರ್ಯಾದಿ? ಬಾಯಿಗೆ ಬಂದಂಗ ಬರೀತಾನ!”
“ನಾಲ್ಕೂ ಚೆಂಡು ನಿಂತಲ್ಲೇ ನಿಂತು ಬಿಟ್ಟಿದ್ದು ಖರೇ ಅಲ್ಲೇನು?” ಅಂದೆ.
“ಖರೇನ ಇರಲಿ. ನಿಮ್ಮ ತಮ್ಮಗ ಹಿಂಗ ಬರದಿದ್ರ ಸುಮ್ನ ಕುಂದರತಿದ್ರೇನು, ಗುತ್ತೆಪ್ಪಣ್ಣ?”
ಚಹಾದ ದುಡ್ಡು ಇಟ್ಟು ಎದ್ದೆ.

೯ ಆಗಸ್ಟ್
ಸಿರಾಜ ಪ್ರ್ಯಾಕ್ಟೀಸಿಗೆ ಬರುತ್ತಿಲ್ಲ. ಅವನ ತಾಯಿ ಖತೀಜಾಬಿ ಕಣ್ಣಿನ ಔಷಧಿಗೆ ಬಂದಿದ್ದಳು. ಪೇಟೆಯಲ್ಲಿ ಹುಡುಗರು ‘ಕಂಬದ ಅವ್ವ’ ಎಂದು ಕೂಗುತ್ತಾರಂತೆ. ಅಷ್ಟೇ ಹೇಳಿದಳು. ಬಾಟಲಿ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

೨೮ ಆಗಸ್ಟ್
ನಿನ್ನೆ ಶಿಗ್ಗಾವಿಯಲ್ಲಿ ಸೋತೆವು. ಸಿರಾಜ ಇರಲಿಲ್ಲ, ಬೇರೆಯವ ನಿಂತಿದ್ದ. ಆದರೆ ಅವನ ತಪ್ಪಲ್ಲ. ಚೆಂಡು ಕಂಬದ ಹೊರಗೆ ಹೋಯಿತು — ಕಣ್ಣಾರೆ ನೋಡಿದ್ದೇನೆ. ರೆಫ್ರಿ ಗೋಲು ಕೊಟ್ಟ. ಅವನು ಸರಕಾರದ ದೊಡ್ಡ ಅಧಿಕಾರಿ. ಯಾರೂ ಬಾಯಿ ತೆಗೆಯಲಿಲ್ಲ. ನಾಳೆ ಎಲ್ಲರಿಗೂ ಅವನ ಕಚೇರಿಯಲ್ಲಿ ಕೆಲಸ ಬೀಳುತ್ತದೆ.

೩ ಸೆಪ್ಟೆಂಬರ್
ಗಿರಿಯಪ್ಪ ಬಾಯಿ ತೆಗೆದಿದ್ದಾನೆ. ‘ಚೆಂಡು ಹೊರಗೆ ಹೋದದ್ದನ್ನು ಇಡೀ ಮೈದಾನ ನೋಡಿತು. ರೆಫ್ರಿ ಸಾಹೇಬರೂ ನೋಡಿದರು. ಆದರೂ ಗೋಲು ಕೊಟ್ಟರು. ಇದು ಅನ್ಯಾಯ.’ ರೆಫ್ರಿಯ ಹೆಸರು ಹಾಕಿಯೇ ಬರೆದಿದ್ದಾನೆ!
ಇಸಾಕ ಆ ಪುಟವನ್ನು ಅಂಗಡಿಯ ಗೋಡೆಗೆ ಅಂಟಿಸಿದ. “ಗಂಡಸು ಅಂದ್ರ ಇಂವಾ!”
“ಹೋದ ತಿಂಗಳ ಬ್ಯಾರೆ ಅಂದಿದ್ದಿ,” ಅಂದೆ.
“ಅದು ಬ್ಯಾರೆ, ಇದು ಬ್ಯಾರೆ.”
ಬೇರೆ ಹೇಗೆ? ಅದೇ ಮನುಷ್ಯ, ಅದೇ ಪೆನ್ನು.

೧೮ ಸೆಪ್ಟೆಂಬರ್, ಸಂಜೆ
ಗಿರಿಯಪ್ಪ ಸವಣೂರಿಗೆ ಬಂದಿದ್ದ. ರೆಫ್ರಿಯ ಕ್ಷಮೆ ಕೇಳು ಎಂದು ಸಂಪಾದಕರು ಗಂಟುಬಿದ್ದಿದ್ದರಂತೆ. ಇವನು ಒಲ್ಲೆ ಅಂದನಂತೆ. ಕೊನೆಗೆ ಅವರೇ ಸುಮ್ಮನಾದರಂತೆ.
“ಬರ್ರಿ, ಬರ್ರಿ, ಕುಂದರ್ರಿ!” ಇಸಾಕ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಚಹಾ, ಮೇಲೆ ಎಲೆ-ಅಡಿಕೆ. ಸಪೂರ ಆಸಾಮಿ. ಕೋಟಿನ ಗುಂಡಿ ಒಂದು ಹೋಗಿತ್ತು.
ಅಷ್ಟರಲ್ಲಿ ಸಿರಾಜ ಬಂದ. ಯಾರು ಹೇಳಿದರೋ. ನೇರ ಗಿರಿಯಪ್ಪನ ಎದುರು ನಿಂತ.
“ನಾನು ಚಲೋ ಆಡಲಿಲ್ರಿ. ಬರದ್ರಿ, ಅದಕ್ಕ ಬ್ಯಾಡ ಅನ್ನೂದಿಲ್ಲ. ಆದ್ರ ಆ ರೆಫ್ರಿ ಸಾಹೇಬರ ಬಗ್ಗೆ ಬರಿಯೂವಾಗ ನಗಿ-ಚಾಷ್ಟಿ ಯಾಕ ಮಾಡ್ಲಿಲ್ರಿ?”
ಗಿರಿಯಪ್ಪ ಬಟ್ಟಲು ಕೆಳಗಿಟ್ಟ. “ಚಾಷ್ಟಿ ಮಾಡಿದ್ರ ಖರೇ ಅಂತ ಯಾರೂ ನಂಬತಿದ್ದಿಲ್ಲ.”
“ನಂದು ಎಲ್ಲಾರೂ ನಂಬಿದ್ರಲ್ರಿ.”
ಗಿರಿಯಪ್ಪ ಎದ್ದು, “ನಿಮ್ಮ ಮನಿ ಎಲ್ಲಿ?” ಅಂದ. ಸಿರಾಜ ಮುಂದೆ ನಡೆದ. ನಾನೂ ಹಿಂದೆ ಹೋದೆ.
ಖತೀಜಾಬಿ ಹೊಸ್ತಿಲಲ್ಲೇ ನಿಂತಳು. ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ.
“ನನ್ನ ಮಗಾ ತಪ್ಪು ಮಾಡಿದ್ರ ತಪ್ಪು ಅಂತ ಬರಿಯಪ್ಪಾ. ಮನಶ್ಯಾ ಅಂತ ತಿಳದು ಬರಿ.”
“ಹೂನ್ರೀ ಅವ್ವಾರ.”
ಬಸ್ ಸ್ಟ್ಯಾಂಡಿನವರೆಗೆ ಗಿರಿಯಪ್ಪನ ಜೊತೆ ನಡೆದೆ.

೮ ಅಕ್ಟೋಬರ್
ಹೋದ ವಾರ ಹಾನಗಲ್ಲಿನವರಿಗೆ ಮತ್ತೆ ಸೋತೆವು. ಅದರ ವರದಿ ಬಂತು. ಸಿರಾಜ ಮತ್ತೆ ಗೋಲಿನಲ್ಲಿ ನಿಂತಿದ್ದ. ಇಸಾಕ ಗಟ್ಟಿಯಾಗಿ ಓದಿದ: ‘ಎರಡು ಗೋಲು. ಎರಡೂ ಗೋಲ್‌ಕೀಪರ್ ಸಿರಾಜುದ್ದೀನರ ತಪ್ಪು. ಮೊದಲನೆಯ ಚೆಂಡು ಸುಲಭದ್ದಿತ್ತು. ಅವರು ತಡವಾಗಿ ಬಾಗಿದರು.’
ಯಾರೂ ನಗಲಿಲ್ಲ.
“ಇದರಾಗ ಉಪ್ಪಿಲ್ಲ, ಖಾರಿಲ್ಲ. ಯಾರ್ ಓದತಾರ ಇದನ್ನ?” ಇಸಾಕ ಪತ್ರಿಕೆ ಮೇಜಿನ ಮೇಲೆ ಒಗೆದ.
ಸಿರಾಜ ಎತ್ತಿಕೊಂಡ. ತಾನೇ ಒಮ್ಮೆ ಓದಿದ. “ಹೌದು, ತಡಾ ಆತು.” ನೀಟಾಗಿ ಮಡಚಿದ. “ಒಯ್ತೇನಿ. ಅವ್ವಗ ಓದಿ ಹೇಳಬೇಕು.”
ಹೋದ. ಇಸಾಕ ನನ್ನ ಕಡೆ ತಿರುಗಿದ. “ಹೇಳ್ರಿ ಈಗ, ಈ ಗಿರಿಯಪ್ಪಗ ಏನ್ ಮರ್ಯಾದಿ?”
“ಮಗಾ ಅವ್ವಗ ಓದಿ ಹೇಳೂವಂಥಾದ್ದು ಬರದಾನಲ್ಲ, ಅದಕ್ಕ ಮರ್ಯಾದಿ,” ಅಂದೆ.