ದಿನಕ್ಕೆ ನಾಲ್ಕು ಗಂಟೆ

ಶಿರ್ತಾಡಿ
14 ಜುಲೈ 2025

ಪ್ರೀತಿಯ ನಫೀಸಮ್ಮ,

ಹೇಗಿದ್ದಿ? ಮಗಳು, ಮೊಮ್ಮಗು ಸೌಖ್ಯವೇ? ಶಾರ್ಜಾದಿಂದ ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ. ಎರಡು ತಿಂಗಳಿಂದ ಒಂದಕ್ಕೂ ಉತ್ತರ ಕೊಟ್ಟಿಲ್ಲ, ಬೇಸರ ಮಾಡಬೇಡ ಮಾರಾಯ್ತಿ. ಫೋನಿನಲ್ಲಿ ಹೇಳಲು ಹೊರಟು ಎರಡು ಸಲ ಅಳಿಸಿಹಾಕಿದೆ. ಪಾಣೆಮಂಗಳೂರಿನ ನಿನ್ನ ಭಾವ ಅಬೂಬಕ್ಕರ್ ಗುರುವಾರ ಅಲ್ಲಿಗೆ ಹೊರಡುತ್ತಾರೆಂದು ತಿಳಿಯಿತು. ಅವರ ಕೈಯಲ್ಲಿ ಕೊಡೋಣವೆಂದು ಕಾಗದದಲ್ಲೇ ಬರೆಯುತ್ತಿದ್ದೇನೆ.

ನೀನು ಪ್ರತಿ ಸಲ ಕೇಳುವುದು ವಿಸ್ಮಿತಾಳ ಬಗ್ಗೆ. ಅವಳು ಈಗ ವೇಣೂರಿನ ಮನೆಯಲ್ಲಿಲ್ಲ.

ಬಂಟ್ವಾಳದಲ್ಲಿ ನಾವಿಬ್ಬರೂ ತರಬೇತಿ ಮುಗಿಸಿ ಮನೆ ಆರೈಕೆಯ ಕೆಲಸಕ್ಕೆ ಸೇರಿದಾಗ ನನಗೆ ಕೊಟ್ಟ ಮೊದಲ ಮನೆ ಅದು. ಹುಟ್ಟಿನಿಂದಲೇ ಕೈಕಾಲು ಸೆಟೆದುಕೊಂಡ ಹುಡುಗಿ, ಈಗ ಇಪ್ಪತ್ತಮೂರು ವರ್ಷ. ತಾಯಿ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ತಂದೆ ರುಕ್ಮಯ್ಯಣ್ಣ ಒಬ್ಬರೇ, ಆಟೋ ಓಡಿಸುವವರು. ಸರಕಾರದ ಯೋಜನೆಯಲ್ಲಿ ನಾನು ದಿನಕ್ಕೆ ನಾಲ್ಕು ಗಂಟೆ ಹೋಗುತ್ತಿದ್ದೆ. ಮೀಯಿಸುವುದು, ಬಟ್ಟೆ ಬದಲಾಯಿಸುವುದು, ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಅಷ್ಟು ಹೊತ್ತು ರುಕ್ಮಯ್ಯಣ್ಣ ಬಾಡಿಗೆಗೆ ಹೋಗಿ ಬರುತ್ತಿದ್ದರು. ಮಧ್ಯಾಹ್ನದ ಮೇಲೆ ಮಗಳ ಪಕ್ಕದಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಅವಳಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ತಡೆದು ತಡೆದು ಬರುವುದು. ಅಪ್ಪ ಇಂಗ್ಲಿಷ್ ಹೆಸರು ತಪ್ಪಾಗಿ ಓದಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಏಪ್ರಿಲ್‌ನಲ್ಲಿ ವರ್ಷದ ಪರಿಶೀಲನೆಯ ಫಾರ್ಮು ಹೋಯಿತು. ಮೇ ತಿಂಗಳಲ್ಲಿ ಆದೇಶ ಬಂತು: ವಿಸ್ಮಿತಾಳ ಸ್ಥಿತಿ ಸುಧಾರಿಸಿದೆ, ಇನ್ನು ವಾರಕ್ಕೆ ಒಂದು ಗಂಟೆ ಸಾಕು.

ನಾನು ಆಫೀಸಿಗೆ ಓಡಿದೆ. ನಮ್ಮ ಕೆಲಸ ಹಂಚುವ ಅಶ್ವಿತ್ ಪಾಪದ ಹುಡುಗ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದ. "ಸ್ವತಃ ಊಟ ಮಾಡ್ತಾರೆ ಅಂತ ಉಂಟಲ್ಲ ಅಕ್ಕ. ಅದೊಂದಕ್ಕೇ ದರ್ಜೆ ಕೆಳಗೆ ಬಂದದ್ದು. ನಾನು ತಿದ್ದಿದರೆ ನನ್ನ ಕೆಲಸ ಹೋಗ್ತದೆ. ಮರುಪರಿಶೀಲನೆ ಇನ್ನು ಬರುವ ವರ್ಷವೇ."

ಡಾಕ್ಟರ ಪತ್ರ ತಂದೆವು. ರುಕ್ಮಯ್ಯಣ್ಣ ಅರ್ಜಿ ಬರೆದರು. ಎರಡನ್ನೂ ತೆಗೆದುಕೊಂಡು ಸೀಲು ಹಾಕಿ ಕೊಟ್ಟರು, ಅಷ್ಟೇ.

ನನ್ನ ಆ ನಾಲ್ಕು ಗಂಟೆಯನ್ನು ಬೆಳ್ತಂಗಡಿ ಕಡೆಯ ಚನಿಯಪ್ಪ ಎಂಬ ಅಜ್ಜನಿಗೆ ಕೊಟ್ಟರು. ಪಾರ್ಶ್ವವಾಯು ಬಡಿದು ಮಲಗಿದವರು. ಅವರನ್ನು ಬಿಡಲು ಆಗುತ್ತದಾ? ಹದಿನೈದು ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವೇಣೂರಿಗೆ ಹೋಗಿ ವಿಸ್ಮಿತಾಳನ್ನು ಮೀಯಿಸಿ, ಅಲ್ಲಿಂದ ಅಜ್ಜನಲ್ಲಿಗೆ ಓಡಿದೆ. ಅದರಲ್ಲಿ ನಾಲ್ಕು ದಿನ ಅಜ್ಜನಲ್ಲಿಗೆ ಮುಟ್ಟುವಾಗ ತಡವಾಯಿತು. ನಾವು ಎಲ್ಲಿದ್ದೇವೆಂದು ಫೋನೇ ಆಫೀಸಿಗೆ ಹೇಳುತ್ತದಲ್ಲ, ನೋಟೀಸು ಬಂತು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದರು. ನಾನು ಹೋಗುವುದನ್ನು ನಿಲ್ಲಿಸಿದೆ. ವಾರದ ಆ ಒಂದು ಗಂಟೆಗೂ ಬೇರೆಯವರನ್ನು ಹಾಕಿದ್ದರು. ಪಕ್ಕದ ಮನೆಯ ಹೆಂಗಸು ಒಂದು ವಾರ ಬಂದಳು. ಅವಳೂ ಬೀಡಿ ಕಟ್ಟಿ ಮನೆ ನಡೆಸಬೇಕಲ್ಲ.

ಜೂನ್‌ನಲ್ಲಿ ಒಂದು ಭಾನುವಾರ ಹೋದೆ. ರುಕ್ಮಯ್ಯಣ್ಣ ಜಗಲಿಯಲ್ಲಿ ಕುಳಿತಿದ್ದರು. ಒಳಗೆ ಅವಳು ಒದ್ದೆ ಬಟ್ಟೆಯಲ್ಲೇ ಮಲಗಿದ್ದಳು. ಬೆನ್ನಿನ ಕೆಳಗೆ ಹುಣ್ಣು ಶುರುವಾಗಿತ್ತು. ನಾನು ಶುಚಿ ಮಾಡಿ ಹೊರಗೆ ಬಂದಾಗ ಅವರು ತಲೆ ಎತ್ತದೆ ಹೇಳಿದರು: "ಬಟ್ಟೆ ಬದಲಿಸ್ಲಿಕ್ಕೆ ಹತ್ತಿರ ಹೋದ್ರೆ ಕಣ್ಣು ಮುಚ್ಚಿಕೊಳ್ತಾಳೆ ಪ್ರೇಮಕ್ಕ. ಮುಗಿಯುವವರೆಗೂ ತೆರೆಯುವುದಿಲ್ಲ. ಆಮೇಲೆ ಇಡೀ ದಿನ ನನ್ನ ಹತ್ರ ಮಾತಿಲ್ಲ. ಮೊದಲು ಅಪ್ಪ ಅಂದ್ರೆ ನಗ್ತಿದ್ದಳು." ಕೊನೆಗೆ, "ಎಲ್ಲಿಯಾದ್ರೂ ಸೇರಿಸುವ. ಹೆಂಗಸರು ಇರುವಲ್ಲಿಗೆ" ಅಂದರು.

ಬಂಟ್ವಾಳದಾಚೆಯ ಆರೈಕೆ ಕೇಂದ್ರಕ್ಕೆ ಅವರ ಆಟೋದಲ್ಲೇ ಹೋದೆವು. ಅವಳ ತಲೆ ನನ್ನ ಮಡಿಲಲ್ಲಿತ್ತು. ಜಾಗ ಕೆಟ್ಟದ್ದಲ್ಲ, ಚೊಕ್ಕ ಉಂಟು. ಆದರೆ ನಲವತ್ತು ಮಂದಿಗೆ ನೋಡಿಕೊಳ್ಳುವವರು ಮೂರೇ ಜನ. ಅದಕ್ಕೂ ಸರಕಾರದ್ದೇ ಅನುದಾನ. ಮನೆಗೆ ನಾಲ್ಕು ಗಂಟೆ ಕೊಡಲಾಗದವರು ಅಲ್ಲಿ ಇಡೀ ಹಾಸಿಗೆ ಕೊಟ್ಟರು. ಅಲ್ಲಿ ಸಹಿ ಹಾಕಿದ ಕೂಡಲೇ ಮನೆ ಆರೈಕೆಯ ಪಟ್ಟಿಯಿಂದ ಹೆಸರು ಹೋಗುತ್ತದಂತೆ. ಅದು ನಮಗೆ ಸಹಿ ಹಾಕಿದ ಮೇಲೆ ಗೊತ್ತಾದದ್ದು.

ಹೊರಡುವಾಗ ಅವಳು ನನ್ನ ಸೆರಗು ಹಿಡಿದು ತುಳುವಿನಲ್ಲಿ ಕೇಳಿದಳು, "ಏಪ ಬರ್ಪರ್?" ಯಾವಾಗ ಬರುತ್ತೀರಿ ಅಂತ. ರುಕ್ಮಯ್ಯಣ್ಣ ಬಾಗಿಲ ಕಡೆ ತಿರುಗಿಬಿಟ್ಟರು. ನಾನು "ಎಲ್ಲೆ" ಅಂದೆ. ನಾಳೆ ಅಂತ. ಮತ್ತೆ ಹೋಗಲು ಆದದ್ದು ಹನ್ನೊಂದು ದಿನ ಕಳೆದ ಮೇಲೆ.

ಆ ದಿನ ಹುಣ್ಣು ಒಣಗಿತ್ತು, ಅದೊಂದು ಸಮಾಧಾನ. ಅವಳು ನನ್ನನ್ನು ನೋಡಿದಳು. ಆದರೆ ಏನೂ ಕೇಳಲಿಲ್ಲ.

ನೀನಿದ್ದಿದ್ದರೆ ಆಫೀಸಿನಲ್ಲಿ ಜಗಳ ಮಾಡುತ್ತಿದ್ದಿ. ನನಗೆ ಆ ಬಾಯಿ ಇಲ್ಲ. ಹುಣಸೆಹುಳಿ ಹಾಕಿದ ಉಪ್ಪಿನಕಾಯಿಯ ಒಂದು ಡಬ್ಬಿ ಕಳಿಸಿದ್ದೇನೆ. ನಿನ್ನ ಮೊಮ್ಮಗು ಗಟ್ಟಿಮುಟ್ಟಾಗಿ ಬೆಳೆಯಲಿ, ಮಗಳ ಬಾಣಂತನ ಸುಖವಾಗಿ ಮುಗಿಯಲಿ. ನಿನ್ನ ನಮಾಜಿನಲ್ಲಿ ಆ ಹುಡುಗಿಯ ಹೆಸರನ್ನೂ ಸೇರಿಸಿಕೋ.

ನಿನ್ನ
ಪ್ರೇಮಾವತಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ಫಾರ್ಮು ತುಂಬಿಸಿದ್ದು ನಾನೇ ನಫೀಸಮ್ಮ. ಎರಡು ವರ್ಷ ಕೈ ಹಿಡಿದು ಕಲಿಸಿದ ಮೇಲೆ, ಆ ದಿನ ಅವಳು ತಾನಾಗಿಯೇ ಮೂರು ತುತ್ತು ಬಾಯಿಗಿಟ್ಟಿದ್ದಳು. ಮೂರೇ ತುತ್ತು. ನನಗೆ ಎಷ್ಟು ಹೆಮ್ಮೆ ಅಂದರೆ, ಅಲ್ಲೇ ಅವಳ ಮುಂದೆ ಕುಳಿತು, ಸ್ವತಃ ಊಟ ಮಾಡುತ್ತಾರೆಯೇ ಎಂಬಲ್ಲಿ "ಹೌದು" ಅಂತ ಬರೆದು ಅವಳಿಗೂ ಓದಿ ಹೇಳಿದೆ. ರುಕ್ಮಯ್ಯಣ್ಣನಿಗೆ ಇದು ಗೊತ್ತಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿಗೆ ಬಿಟ್ಟವರು, "ನಿಮ್ಮಷ್ಟು ನಮಗೆ ಯಾರೂ ಮಾಡ್ಲಿಲ್ಲ ಪ್ರೇಮಕ್ಕ" ಅಂದರು. ನಾನು ಚೀಲ ಎತ್ತಿಕೊಂಡು ಆಟೋದಿಂದ ಇಳಿದೆ.